ಗುತ್ತೂರು ಯಾವ ಸರಹದ್ದಿನ ಊರು?

ಹರಿಹರ ಪಟ್ಟಣದ ಸೆರಗಿಗೆ ಅಂಟಿಕೊಂಡಂತಿರುವ ಗುತ್ತೂರಿನಲ್ಲಿ ಕಳೆದ ಚಳಿಗಾಲದ ಒಂದು ಮಧ್ಯಾಹ್ನ ನಾವು ಒಬ್ಬ ವೃದ್ಧ ಗೃಹಸ್ಥರ ಮನೆಯ ಪಡಸಾಲೆಯಲ್ಲಿ ಕುಳಿತಿದ್ದೆವು. ನಾವು ಹೋಗಿದ್ದ ಕಾರ್ಯವೇ ಬೇರೆ; ಆದರೆ ಮಾತು ಹೇಗೋ ಮನೆಯ ಖಾತೆಯ ಕಡೆಗೆ ಹೊರಳಿತು. ಅವರು ಒಳಗಿನ ಪೆಟ್ಟಿಗೆಯಿಂದ ಕೆಂಪು ವಸ್ತ್ರದಲ್ಲಿ ಸುತ್ತಿಟ್ಟ ಕಾಗದದ ಕಟ್ಟೊಂದನ್ನು ತಂದು ನಮ್ಮ ಮುಂದೆ ಬಿಚ್ಚಿದರು. ಮೂರು ತಲೆಗಳ ಕಂದಾಯದ ರಸೀದಿಗಳು. ತೀರ ಹಳೆಯದರ ತಲೆಬರಹದಲ್ಲಿ ಮೈಸೂರು ಸಂಸ್ಥಾನವೆಂದಿದ್ದಿತು. ಅದರ ಮೇಲಿನವುಗಳಲ್ಲಿ ಮೈಸೂರು ರಾಜ್ಯ, ಚಿತ್ರದುರ್ಗ ಜಿಲ್ಲೆ. ೧೯೭೩ರ ಅನಂತರದವುಗಳಲ್ಲಿ ಕರ್ನಾಟಕ. ಇನ್ನೂ ಈಚಿನವುಗಳಲ್ಲಿ ದಾವಣಗೆರೆ ಜಿಲ್ಲೆ.

“ಮನಿ ಇದ್ದಲ್ಲೇ ಐತ್ರಿ, ಹೊಲಾನೂ ಇದ್ದಲ್ಲೇ ಐತಿ. ಮ್ಯಾಲಿನ ಅಕ್ಷರ ಮಾತ್ರ ಬದಲಾಕ್ಕೊಂತ ಬಂದಾವು,” ಎಂದು ಅವರು ನಕ್ಕರು.

ಆ ನಗೆಯ ಹಿಂದೆ ಸ್ವಲ್ಪ ಆಯಾಸವೂ ಇದ್ದಿತೆಂದು ನಮಗೆ ತೋರಿತು. ತಲೆಬರಹ ಬದಲಾದಾಗಲೆಲ್ಲ ಆ ಮನೆಯ ಯಜಮಾನನು ಅಹವಾಲು ಹೇಳಿಕೊಳ್ಳಲು ಹೋಗಬೇಕಾದ ಬಾಗಿಲೂ ಬದಲಾಗಿದೆ. ರಾಜರ ಚರಿತ್ರೆಯನ್ನು ನಮ್ಮ ಮಕ್ಕಳು ಶಾಲೆಯಲ್ಲಿ ಓದುತ್ತಾರೆ. ಸರಹದ್ದುಗಳ ಚರಿತ್ರೆಯನ್ನು ಯಾರೂ ಓದಿಸುವುದಿಲ್ಲ. ಆದರೆ ಗೃಹಸ್ಥನಿಗೆ ದಿನಬಳಕೆಯಲ್ಲಿ ತಟ್ಟುವುದು ಎರಡನೆಯದೇ. ಆದುದರಿಂದ ಗುತ್ತೂರನ್ನು ನಡುವೆ ಇಟ್ಟುಕೊಂಡು ಹರಿಹರ ಸೀಮೆಯ ಮೇಲೆ ಕಾಲಕಾಲಕ್ಕೆ ಎಳೆಯಲ್ಪಟ್ಟ ಗೆರೆಗಳನ್ನು ಕುರಿತು ನಮ್ಮ ವಾಚಕರೊಡನೆ ನಾಲ್ಕು ಮಾತನಾಡಬೇಕೆಂದು ಮನಸ್ಸು ಮಾಡಿದೆವು.

ಈ ಸೀಮೆಯ ಸ್ಥಳಪುರಾಣವೂ ಎಲ್ಲೆಗಳಿಂದಲೇ ಮೊದಲಾಗುವುದು ವಿನೋದವಾಗಿದೆ. ಗುಹಾಸುರನೆಂಬ ರಾಕ್ಷಸನು ಇಲ್ಲಿ ಆಳುತ್ತಿದ್ದನು; ಅವನನ್ನು ಸಂಹರಿಸಲು ಹರಿಯೂ ಹರನೂ ಒಂದೇ ಶರೀರವನ್ನು ತಾಳಿದರು; ಅದರಿಂದ ಕ್ಷೇತ್ರಕ್ಕೆ ಹರಿಹರವೆಂಬ ಹೆಸರಾಯಿತು ಎಂಬುದು ಎಲ್ಲರೂ ಬಲ್ಲ ಕಥೆ. ಆ ರಾಕ್ಷಸನ ರಾಜ್ಯವು ಪೂರ್ವಕ್ಕೆ ಉಚ್ಚಂಗಿದುರ್ಗ, ದಕ್ಷಿಣಕ್ಕೆ ಗೋವಿನಹಾಳು, ಪಶ್ಚಿಮಕ್ಕೆ ಮುದನೂರು, ಉತ್ತರಕ್ಕೆ ಐರಣಿ, ಇಷ್ಟರೊಳಗೆ ಇದ್ದಿತೆಂದೂ ಹಿರಿಯರು ಹೇಳುತ್ತ ಬಂದಿದ್ದಾರೆ. ರಾಕ್ಷಸನಿಗೂ ನಾಲ್ಕು ಗಡಿಕಲ್ಲುಗಳಿದ್ದುವು! ಇಂದಿನ ಭೂಪಟವನ್ನು ಹಿಡಿದು ನೋಡಿದರೆ ಅವನ ರಾಜ್ಯ ಒಂದಕ್ಕಿಂತ ಹೆಚ್ಚು ಜಿಲ್ಲೆಗಳಲ್ಲಿ ಹಂಚಿಹೋಗಿದೆ. ಉಚ್ಚಂಗಿದುರ್ಗವು ವಿಜಯನಗರ ಜಿಲ್ಲೆಯಲ್ಲಿದೆ, ಐರಣಿಯು ಹಾವೇರಿ ಜಿಲ್ಲೆಯಲ್ಲಿದೆ.

ಪುರಾಣದಿಂದ ಶಾಸನಗಳಿಗೆ ಬಂದರೆ ಈ ಪ್ರಾಂತವೆಲ್ಲ ನೊಳಂಬವಾಡಿ ೩೨೦೦೦ ಎಂಬ ದೊಡ್ಡ ನಾಡಿನೊಳಗೆ ಬರುತ್ತದೆ. ಆ ಅಂಕಿಯು ಹಳ್ಳಿಗಳ ಎಣಿಕೆಯೋ ಉತ್ಪನ್ನದ ಲೆಕ್ಕವೋ ಎಂಬ ವಿಷಯದಲ್ಲಿ ವಿದ್ವಾಂಸರು ಒಮ್ಮತಕ್ಕೆ ಬಂದಿಲ್ಲ. ಉಚ್ಚಂಗಿಯ ಪಾಂಡ್ಯರು ಇದನ್ನು ಆಳಿದರು; ಬಳಿಕ ಹೊಯ್ಸಳರು ಬಂದರು. ಇಮ್ಮಡಿ ನರಸಿಂಹನ ದಂಡನಾಯಕನಾದ ಪೋಲಾಳ್ವನು ೧೨೨೪ರಲ್ಲಿ ಹರಿಹರೇಶ್ವರನ ದೇವಾಲಯವನ್ನು ಕಟ್ಟಿಸಿದನು. ತುಂಗಭದ್ರೆಯೂ ಹರಿದ್ರೆಯೂ ಕೂಡುವ ಸ್ಥಳವಾದುದರಿಂದ ಊರಿಗೆ ಕೂಡಲೂರೆಂಬ ಹೆಸರೂ ಇದ್ದಿತು.

ಇಲ್ಲಿ ಒಂದು ಸಣ್ಣ ಸಂಗತಿ. ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಬಿ. ಎಲ್. ರೈಸ್ ಅವರು ಚಿತ್ರದುರ್ಗ ಜಿಲ್ಲೆಯ ಶಾಸನಗಳನ್ನು ಅಚ್ಚುಹಾಕಿಸಿದಾಗ ಹರಿಹರದ ಶಾಸನಗಳೆಲ್ಲ ದಾವಣಗೆರೆ ತಾಲೂಕಿನ ಹೆಸರಿನ ಕೆಳಗೆ ಸೇರಿಹೋದುವು, ಏಕೆಂದರೆ ಹರಿಹರವು ಆಗ ಆ ತಾಲೂಕಿನೊಳಗೆ ಇದ್ದಿತು. ಹೈದರಾಲಿಯು ಅಪ್ಪೋಜಿರಾಯನೆಂಬ ಮರಾಠಾ ಸರದಾರನಿಗೆ ಜಹಗೀರಾಗಿ ಕೊಟ್ಟ ಮೇಲೆ ವರ್ತಕರು ಬಂದು ನೆಲೆಸಿ ಬೆಳೆದ ಪೇಟೆ ದಾವಣಗೆರೆ. ಹರಿಹರವಾದರೋ ಅದಕ್ಕಿಂತ ಐದು ಶತಮಾನ ಮೊದಲೇ ಕಲ್ಲಿನಲ್ಲಿ ಅಕ್ಷರ ಕೆತ್ತಿಸಿಕೊಂಡ ಊರು. ಹಿರಿಯ ಊರಿನ ಬರಹಗಳನ್ನು ಕಿರಿಯ ಊರಿನ ಹೆಸರಿನಲ್ಲಿ ಹುಡುಕಬೇಕಾಯಿತು. ಇದರಲ್ಲಿ ರೈಸರ ತಪ್ಪೇನೂ ಇಲ್ಲ. ಕಚೇರಿ ಎಲ್ಲಿದೆಯೋ ಹೆಸರು ಅಲ್ಲಿಗೆ ಹೋಗುತ್ತದೆ.

ವಿಜಯನಗರವು ಇಳಿದ ಮೇಲಿನ ಗಲಿಬಿಲಿಯನ್ನು ನಾವು ಬೇಗನೆ ದಾಟಿಬಿಡುವೆವು. ತರೀಕೆರೆಯ ನಾಯಕರು ಹರಿಹರದಲ್ಲಿ ಕೋಟೆ ಕಟ್ಟಿದರು. ಸವಣೂರಿನ ನವಾಬನ ಕೈಗೂ ಬಿದನೂರಿನವರ ಕೈಗೂ ಊರು ಹೋಯಿತು. ೧೭೬೩ರ ಸುಮಾರಿಗೆ ಹೈದರಾಲಿಗೆ ಸೇರಿತು. ಆ ಮೇಲೂ ಮರಾಠರು ಮತ್ತೆ ಮತ್ತೆ ಬಂದರು. ೧೭೯೯ರ ತರುವಾಯ ಮೈಸೂರು ಅರಸರ ರಾಜ್ಯದಲ್ಲಿ ಚಿತ್ರದುರ್ಗದ ಸೀಮೆಗೆ ಸೇರಿ ನೆಮ್ಮದಿ ಕಂಡಿತು. ಆ ನೆಮ್ಮದಿಯೂ ಪೂರ್ಣವಾದುದಲ್ಲ. ೧೮೮೨ರಲ್ಲಿ ಖರ್ಚು ತಗ್ಗಿಸುವ ಸಲುವಾಗಿ ಸರ್ಕಾರದವರು ಚಿತ್ರದುರ್ಗ ಜಿಲ್ಲೆಯನ್ನೇ ಕೈಬಿಟ್ಟರು. ೧೮೮೬ರಲ್ಲಿ ಪುನಃ ಜಿಲ್ಲೆಯಾಗಿ ನಿಲ್ಲಿಸಿದರು. ನಾಲ್ಕು ವರ್ಷಗಳ ಮಟ್ಟಿಗೆ ಒಂದು ಜಿಲ್ಲೆ ಮಾಯವಾಗಿ ಮರಳಿ ಬಂದಿತೆಂದರೆ ಇಂದಿನವರು ನಂಬಲಾರರು.

ಆದರೆ ಹರಿಹರ ಸೀಮೆಯ ನಿಜವಾದ ವೈಶಿಷ್ಟ್ಯ ಇದಲ್ಲ. ಇದು ಮೂರು ಆಡಳಿತಗಳು ಮುಟ್ಟುವ ಮೂಲೆಯಾಗಿದ್ದಿತು. ಹೊಳೆಯ ಈ ದಡ ಮೈಸೂರು ಸಂಸ್ಥಾನ. ಆಚೆಯ ದಡದ ರಾಣೆಬೆನ್ನೂರು ಸೀಮೆ ಮುಂಬಯಿ ಆಧಿಪತ್ಯಕ್ಕೆ ಸೇರಿದ ಧಾರವಾಡ ಜಿಲ್ಲೆ. ಈಶಾನ್ಯದ ಹರಪನಹಳ್ಳಿ ಮದರಾಸು ಆಧಿಪತ್ಯದ ಬಳ್ಳಾರಿ ಜಿಲ್ಲೆ. ಒಂದು ಎತ್ತಿನ ಬಂಡಿಯ ಪ್ರಯಾಣದೊಳಗೆ ಮೂರು ಸರ್ಕಾರಗಳು, ಮೂರು ಬಗೆಯ ಕಾನೂನುಗಳು. ಆಡುವ ಮಾತು ಮಾತ್ರ ಒಂದೇ ಕನ್ನಡ. ೧೮೬೫ರವರೆಗೆ ಹರಿಹರದ ಹತ್ತಿರ ಒಂದು ದೇಶೀಯ ಪಟಾಲಮು ಬೀಡುಬಿಟ್ಟಿದ್ದಿತು. ೧೮೬೮ರಲ್ಲಿ ತುಂಗಭದ್ರೆಗೆ ಕಮಾನುಗಳ ಸೇತುವೆಯಾಗಿ, ಬೆಂಗಳೂರಿನಿಂದ ಧಾರವಾಡಕ್ಕೆ ಹೋಗುವ ದೊಡ್ಡ ರಸ್ತೆ ಹೊಳೆಯ ಮೇಲೆ ನಡೆಯಿತು. ಅದಕ್ಕೆ ಮೊದಲು ಮಳೆಗಾಲದಲ್ಲಿ ಬೀಗರ ಮನೆಗೆ ಹೋದ ಹೆಣ್ಣುಮಗಳು ಹೊಳೆ ಇಳಿಯುವವರೆಗೆ ತಡೆದು ನಿಲ್ಲಬೇಕಾಗುತ್ತಿತ್ತೆಂಬುದನ್ನು ನೆನೆದರೆ, ಸರ್ಕಾರಗಳು ಎಳೆದ ಗೆರೆಗಿಂತ ನೀರು ಎಳೆದ ಗೆರೆಯೇ ಅಂದಿನ ಸಂಸಾರಗಳಿಗೆ ದೊಡ್ಡದಾಗಿತ್ತೆಂದು ಹೇಳಬೇಕು.

೧೯೫೩ರಲ್ಲಿ ಬಳ್ಳಾರಿ ಸೀಮೆಯು ಮೈಸೂರಿಗೆ ಸೇರಿತು. ೧೯೫೬ರ ನವೆಂಬರ್ ೧ರಂದು ಧಾರವಾಡವೂ ಸೇರಿತು. ಹೀಗೆ ಮೂಲೆಯಲ್ಲಿದ್ದ ಹರಿಹರವು ರಾಜ್ಯದ ನಡುಮನೆಗೆ ಬಂದಿತು. ಆದರೂ ಹೊಳೆಯ ಗೆರೆ ಅಳಿಯಲಿಲ್ಲ. ಹರಿಹರದ ಹೆಸರನ್ನೇ ಹೊತ್ತಿರುವ ಪಾಲಿಫೈಬರ್ಸ್ ಕಾರ್ಖಾನೆಯು ಆಚೆಯ ದಡದ ಕುಮಾರಪಟ್ಟಣದಲ್ಲಿದೆ. ಅದು ರಾಣೆಬೆನ್ನೂರು ತಾಲೂಕು, ಹಾವೇರಿ ಜಿಲ್ಲೆ. ಈ ದಡದಲ್ಲಿ ೧೯೪೧ರಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತ್ ಯಂತ್ರಗಳು ದೇಶದ ಮೂಲೆಮೂಲೆಗೂ ಹೋದುವು. ಅದು ಮುಚ್ಚಿ ಎರಡು ದಶಕಗಳ ಮೇಲಾಯಿತು. ಸುತ್ತಲಿನ ಊರುಗಳ ಎಷ್ಟೋ ಸಂಸಾರಗಳು ಹೊಲದ ಕಡೆಯಿಂದ ಸಂಬಳದ ಕಡೆಗೆ ತಿರುಗಿದುದು ಈ ಕಾರ್ಖಾನೆಗಳ ಕಾಲದಲ್ಲಿಯೇ.

ನೀರಿನ ಸಂಬಂಧವೂ ಕಚೇರಿಯ ಸಂಬಂಧವೂ ಒಂದೇ ಅಲ್ಲವೆಂಬುದಕ್ಕೆ ಹರಿದ್ರೆಯೇ ಸಾಕ್ಷಿ. ಈ ಹೊಳೆಯು ಚನ್ನಗಿರಿ ಸೀಮೆಯ ಸೂಳೆಕೆರೆಯಿಂದ ಹೊರಟು ಹರಿಹರದಲ್ಲಿ ತುಂಗಭದ್ರೆಯನ್ನು ಕೂಡುತ್ತದೆ. ಕೆರೆ ಶಿವಮೊಗ್ಗ ಜಿಲ್ಲೆಯಲ್ಲಿ, ಸಂಗಮ ಚಿತ್ರದುರ್ಗ ಜಿಲ್ಲೆಯಲ್ಲಿ. ಬಹುಕಾಲ ಹೀಗೆಯೇ ನಡೆಯಿತು. ೧೯೯೭ರಲ್ಲಿ ಹೊಸ ದಾವಣಗೆರೆ ಜಿಲ್ಲೆಯಾದಾಗ ಕೆರೆಯೂ ಸಂಗಮವೂ ಒಂದೇ ಜಿಲ್ಲಾಧಿಕಾರಿಯ ಕೈಗೆ ಬಂದುವು. ಭದ್ರಾ ಕಾಲುವೆಯದು ಇನ್ನೊಂದು ಬಗೆ. ಅದರ ಅಚ್ಚುಕಟ್ಟು ಜಿಲ್ಲೆಯ ಗೆರೆಯನ್ನು ಕೇಳುವುದಿಲ್ಲ; ಕೊನೆಯಂಚಿನ ಹರಿಹರದ ರೈತನು ಮೇಲಿನವರು ನೀರು ಬಿಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ ಎಂಬಂತೆ ಕಾಲುವೆಯ ಕಡೆಗೆ ಕಣ್ಣಿಟ್ಟಿರಬೇಕು.

ಇಷ್ಟೆಲ್ಲ ಮೇಲಿನ ಆಡಳಿತದ ಮಾತಾಯಿತು. ಊರೊಳಗಿನ ಆಡಳಿತ ಎಂತಿದ್ದಿತು? ಗೌಡ, ಶಾನುಭೋಗ, ತಳವಾರ, ತೋಟಿ, ನೀರಗಂಟಿ, ಇವರೇ ಸರ್ಕಾರ. ಗೌಡನು ಕಂದಾಯ ಎತ್ತುವನು, ಶಾನುಭೋಗನು ಬರೆಯುವನು. ಇವೆರಡೂ ತಂದೆಯಿಂದ ಮಗನಿಗೆ ಬರುವ ಹುದ್ದೆಗಳು. ಊರಿನ ಲೆಕ್ಕ ಒಂದು ಮನೆಯ ಗಂಟಿನಲ್ಲಿ ಇರುತ್ತಿದ್ದುದರಿಂದ ಶಾನುಭೋಗರ ಮರ್ಜಿಯನ್ನು ಹಿಡಿಯದೆ ಯಾರಿಗೂ ಬಾಳು ಸಾಗದು. ೧೯೬೧ರ ಕಾಯಿದೆಯು ಈ ವಂಶಪಾರಂಪರ್ಯದ ಹುದ್ದೆಗಳನ್ನು ತೆಗೆದುಹಾಕಿತು. ಸಂಬಳದ ಗ್ರಾಮಲೆಕ್ಕಿಗನು ಬಂದನು. ಈಚೆಗೆ ಆ ಲೆಕ್ಕಿಗನ ಹೆಸರೂ ಗ್ರಾಮ ಆಡಳಿತಾಧಿಕಾರಿ ಎಂದಾಗಿದೆ. ನಮ್ಮ ವೃದ್ಧ ಗೃಹಸ್ಥರು ಮಾತ್ರ ಈಗಲೂ ‘ಶಾನುಭೋಗರು ಬಂದಿದ್ರು’ ಎಂದೇ ಹೇಳುತ್ತಾರೆ.

ಪಂಚಾಯತಿಯ ಕಥೆಯೂ ಇದೇ ರೀತಿ ರೂಪ ಬದಲಿಸಿತು. ಮೈಸೂರು ಸಂಸ್ಥಾನದಲ್ಲಿ ೧೯೨೬ರ ಶಾಸನದಿಂದ ಗ್ರಾಮ ಪಂಚಾಯತಿಗಳಿಗೆ ಒಂದು ಆಕಾರ ಬಂದಿತು. ರಾಜ್ಯದ ಏಕೀಕರಣವಾದ ಮೇಲೆ, ಬೇರೆ ಬೇರೆ ಪ್ರಾಂತಗಳಿಂದ ಬಂದ ಬೇರೆ ಬೇರೆ ಕಾನೂನುಗಳನ್ನು ಒಂದುಗೂಡಿಸಿ ೧೯೫೯ರ ಕಾಯಿದೆಯಾಯಿತು. ಅದರಲ್ಲಿ ಗ್ರಾಮ ಪಂಚಾಯತಿ, ಅದರ ಮೇಲೆ ತಾಲೂಕು ಅಭಿವೃದ್ಧಿ ಮಂಡಳಿ. ಅಬ್ದುಲ್ ನಜೀರ್ ಸಾಬ್ ಅವರು ಮಂತ್ರಿಗಳಾಗಿದ್ದ ಕಾಲದಲ್ಲಿ ೧೯೮೩ರ ಕಾಯಿದೆ ಬಂದು, ೧೯೮೭ರಲ್ಲಿ ಚುನಾವಣೆ ನಡೆದು, ಹಲವು ಹಳ್ಳಿಗಳಿಗೊಂದು ಮಂಡಲ ಪಂಚಾಯತಿಯೂ ಜಿಲ್ಲೆಗೊಂದು ಜಿಲ್ಲಾ ಪರಿಷತ್ತೂ ಹುಟ್ಟಿದುವು. ಹಳ್ಳಿಗೆ ಹಣವೂ ಅಧಿಕಾರವೂ ನಿಜವಾಗಿ ಇಳಿದುಬಂದುದು ಆಗಲೇ ಎಂದು ಆ ಕಾಲವನ್ನು ಕಂಡವರು ಹೇಳುವರು. ಕಾಲು ಭಾಗ ಸ್ಥಾನಗಳು ಹೆಂಗಸರಿಗೆಂದು ಮೀಸಲಾದುದೂ ಆ ಕಾಯಿದೆಯಿಂದಲೇ. ಸೆರಗು ಹೊದ್ದು ಮೂಲೆಯಲ್ಲಿ ಕುಳಿತು ಹೆಬ್ಬೆಟ್ಟು ಒತ್ತುತ್ತಿದ್ದವರು ಎರಡನೆಯ ವರ್ಷಕ್ಕೆ ಕೊಳವೆಬಾವಿಯ ಲೆಕ್ಕ ಕೇಳಿದರೆಂಬ ಮಾತನ್ನು ನಾವು ಒಂದಕ್ಕಿಂತ ಹೆಚ್ಚು ಊರುಗಳಲ್ಲಿ ಕೇಳಿದ್ದೇವೆ. ೧೯೯೩ರಲ್ಲಿ ಸಂವಿಧಾನದ ತಿದ್ದುಪಡಿಗೆ ಅನುಸಾರವಾಗಿ ಇನ್ನೊಂದು ಕಾಯಿದೆಯಾಗಿ ಮಂಡಲ ಹೋಯಿತು, ಗ್ರಾಮ ಪಂಚಾಯತಿ ಮರಳಿತು. ೨೦೧೦ರಲ್ಲಿ ಹೆಂಗಸರ ಮೀಸಲು ಅರ್ಧಕ್ಕೇರಿತು. ಒಬ್ಬ ಮನುಷ್ಯನ ಆಯುಸ್ಸಿನೊಳಗೆ ಒಂದೇ ಚಾವಡಿಗೆ ಎಷ್ಟು ಫಲಕಗಳು!

ಊರುಗಳನ್ನು ಕೂಡಿಸುವುದು ಬಿಡಿಸುವುದು ನಮ್ಮ ದೇಶಕ್ಕೇ ಬಂದ ಚಾಳಿಯೆಂದು ಯಾರೂ ತಿಳಿಯಬಾರದು. ಜಪಾನಿನಲ್ಲಿ ೧೮೮೮ರಲ್ಲಿ ೭೧,೦೦೦ಕ್ಕೂ ಮಿಕ್ಕ ಊರುಗಳಿದ್ದುವು. ಮರುವರ್ಷವೇ ಸರ್ಕಾರವು ಅವುಗಳನ್ನು ಕೂಡಿಸಿ ೧೬,೦೦೦ದೊಳಗೆ ತಂದಿತು. ೧೯೫೩ರ ಅನಂತರ ಇನ್ನೊಂದು ಕೂಡಿಕೆ ನಡೆಯಿತು. ಒಂದು ಮಾಧ್ಯಮಿಕ ಶಾಲೆಯನ್ನು ನಡೆಸುವಷ್ಟು ಶಕ್ತಿ, ಎಂದರೆ ಸುಮಾರು ೮,೦೦೦ ಜನ, ಪ್ರತಿ ಊರಾಡಳಿತಕ್ಕೂ ಇರಬೇಕೆಂಬುದು ಅದರ ಅಳತೆಗೋಲು; ೧೯೬೧ರ ಹೊತ್ತಿಗೆ ಸುಮಾರು ೩,೫೦೦ ಉಳಿದುವು. ೧೯೯೯ರಿಂದ ೨೦೧೦ರವರೆಗಿನ ಮೂರನೆಯ ಕೂಡಿಕೆಯಲ್ಲಿ ಅವೂ ಅರ್ಧಕ್ಕಿಳಿದು ೧,೭೦೦ರ ಆಸುಪಾಸಿಗೆ ನಿಂತುವು. ಅಲ್ಲಿ ‘ಗುನ್’ ಎಂಬ ನಮ್ಮ ತಾಲೂಕಿನಂತಹ ವಿಭಾಗವೊಂದಿದೆ. ಅದರ ಕಚೇರಿಗಳನ್ನು ೧೯೨೬ರಲ್ಲಿಯೇ ತೆಗೆದುಹಾಕಿದರು. ಹೆಸರು ಮಾತ್ರ ಇಂದಿಗೂ ಕಾಗದದ ವಿಳಾಸದಲ್ಲಿ ಬದುಕಿದೆ. ಒಂದೊಂದೇ ಹಳ್ಳಿಯು ಪಕ್ಕದ ನಗರಕ್ಕೆ ಸೇರಿದಂತೆ ಎಷ್ಟೋ ಗುನ್‌ಗಳು ವಿಳಾಸದಿಂದಲೂ ಅಳಿದುಹೋದುವು.

ಅವರ ಕಥೆಗೂ ನಮ್ಮ ಕಥೆಗೂ ಒಂದು ಮುಖ್ಯವಾದ ಭೇದವುಂಟು. ಈಚಿನ ಕೂಡಿಕೆಯಲ್ಲಿ ಅಲ್ಲಿನ ಹಳ್ಳಿ ನಗರಕ್ಕೆ ಸೇರಿದುದು ಬಹುಮಟ್ಟಿಗೆ ಹಳ್ಳಿ ಬರಿದಾದುದರಿಂದ. ಯುವಕರು ಹೊರಟುಹೋಗಿ ಮುದುಕರು ಉಳಿದು, ಊರಾಡಳಿತದ ಖರ್ಚನ್ನು ಹೊರುವವರಿಲ್ಲವಾಯಿತು. ನಮ್ಮಲ್ಲಿ ಹಳ್ಳಿ ಪಟ್ಟಣಕ್ಕೆ ಸೇರುವುದು ಪಟ್ಟಣವು ಉಬ್ಬಿ ಹಳ್ಳಿಯ ಹೊಲದೊಳಗೆ ಕಾಲಿಡುವುದರಿಂದ. ಅಲ್ಲಿ ಮನೆಗಳು ಮುಚ್ಚಿದುವು. ಇಲ್ಲಿ ನಿವೇಶನದ ಕಲ್ಲುಗಳು ನೆಡಲ್ಪಡುತ್ತಿವೆ.

ಮತ್ತೆ ನಮ್ಮ ಸೀಮೆಗೆ ಬರೋಣ. ೧೯೯೭ರ ಆಗಸ್ಟ್ ೧೫ರಂದು, ಜೆ. ಎಚ್. ಪಟೇಲರು ಮುಖ್ಯಮಂತ್ರಿಗಳಾಗಿದ್ದಾಗ, ದಾವಣಗೆರೆ ಜಿಲ್ಲೆ ಏರ್ಪಟ್ಟಿತು. ಚಿತ್ರದುರ್ಗದಿಂದ ದಾವಣಗೆರೆ, ಹರಿಹರ, ಜಗಳೂರು, ಶಿವಮೊಗ್ಗದಿಂದ ಹೊನ್ನಾಳಿ, ಚನ್ನಗಿರಿ, ಬಳ್ಳಾರಿಯಿಂದ ಹರಪನಹಳ್ಳಿ. ಮೂರು ಜಿಲ್ಲೆಗಳ ತುಂಡುಗಳನ್ನು ಸೇರಿಸಿ ಹೊಲಿದ ಕೌದಿಯಂತೆ ಇದಿದ್ದಿತು. ಹರಿಹರದವರಿಗೆ ಇದರಿಂದ ಆದ ಲಾಭ ಬಹಳ ಸ್ಪಷ್ಟ. ಕೆಲಸಕ್ಕೆಂದು ದುರ್ಗದವರೆಗೆ ಎಪ್ಪತ್ತು ಎಂಬತ್ತು ಕಿಲೋಮೀಟರು ಹೋಗಿ, ಸಾಹೇಬರು ಸಿಕ್ಕದೆ, ಧರ್ಮಛತ್ರದಲ್ಲಿ ರಾತ್ರಿ ಕಳೆದು ಬರುತ್ತಿದ್ದವರು, ಈಗ ಹದಿನಾಲ್ಕು ಹದಿನೈದು ಕಿಲೋಮೀಟರು ಹೋಗಿ ಊಟದ ಹೊತ್ತಿಗೆ ಮನೆ ಸೇರಬಹುದು. ಜಿಲ್ಲೆ ಚಿಕ್ಕದಾದುದನ್ನು ಹಳಿಯುವ ಪಂಡಿತರು ಈ ಒಂದು ರಾತ್ರಿಯ ನಿದ್ದೆಯನ್ನೂ ಲೆಕ್ಕದಲ್ಲಿ ಹಿಡಿಯಬೇಕೆಂದು ನಮ್ಮ ಅಭಿಪ್ರಾಯ.

ಆದರೆ ಕೌದಿಯ ಒಂದು ತುಂಡು ಬಿಚ್ಚಿಹೋಯಿತು. ಸಂವಿಧಾನದ ೩೭೧ಜೆ ವಿಧಿಯಿಂದ ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೆ ವಿದ್ಯೆ ಉದ್ಯೋಗಗಳಲ್ಲಿ ವಿಶೇಷ ಸೌಕರ್ಯ ದೊರೆತಾಗ, ಬಳ್ಳಾರಿಯಿಂದ ಬಂದಿದ್ದ ಹರಪನಹಳ್ಳಿಯವರು, ನಮ್ಮ ಮಕ್ಕಳಿಗೂ ಅದು ಬೇಕು, ನಾವು ಮರಳಿ ಹೋಗುವೆವು ಎಂದು ಹಟ ಹಿಡಿದರು. ೨೦೧೮ರಲ್ಲಿ ಅವರು ಬಳ್ಳಾರಿಗೆ ಹೋದರು. ೨೦೨೧ರಲ್ಲಿ ಹೊಸ ವಿಜಯನಗರ ಜಿಲ್ಲೆಯಾದಾಗ ಅದಕ್ಕೆ ಸೇರಿದರು. ಒಂದು ತಾಲೂಕು ಕಾಲು ಶತಮಾನದಲ್ಲಿ ಮೂರು ಸಲ ಜಿಲ್ಲೆ ಬದಲಿಸಿತು. ಇದನ್ನು ಚಂಚಲತೆಯೆನ್ನಲಾಗದು. ಹತ್ತಿರದ ಕಚೇರಿಗಿಂತ ಮಗನ ಕಾಲೇಜಿನ ಸೀಟು ದೊಡ್ಡದೆಂದು ತಂದೆತಾಯಿಗಳು ಎಣಿಸಿದರೆ ಅವರನ್ನು ದೂರುವವರು ಯಾರು? ಹೊನ್ನಾಳಿಯಿಂದ ನ್ಯಾಮತಿ ಬೇರೆ ತಾಲೂಕಾದುದರಿಂದ ದಾವಣಗೆರೆ ಜಿಲ್ಲೆಯ ತಾಲೂಕುಗಳ ಎಣಿಕೆ ಆರರಲ್ಲಿಯೇ ನಿಂತಿದೆ.

ಇನ್ನು ಪಟ್ಟಣದ ಅಂಚಿನ ಊರುಗಳ ಪಾಡು. ನಮ್ಮ ರಾಜ್ಯದ ಕಾಯಿದೆಯ ಪ್ರಕಾರ ಜನಸಂಖ್ಯೆ ೧೦,೦೦೦ ದಾಟಿದರೆ ಪಟ್ಟಣ ಪಂಚಾಯತಿ, ೨೦,೦೦೦ ದಾಟಿದರೆ ಪುರಸಭೆ, ೫೦,೦೦೦ ದಾಟಿದರೆ ನಗರಸಭೆ, ಮೂರು ಲಕ್ಷ ಮೀರಿದರೆ ಮಹಾನಗರಪಾಲಿಕೆ. ದಾವಣಗೆರೆಯು ೨೦೦೭ರಲ್ಲಿ ಮಹಾನಗರಪಾಲಿಕೆಯಾಯಿತು, ಹರಿಹರಕ್ಕೆ ನಗರಸಭೆಯಿದೆ. ಎರಡು ಊರುಗಳನ್ನೂ ಕೂಡಿಸಿ ದಾವಣಗೆರೆ-ಹರಿಹರ ನಗರಾಭಿವೃದ್ಧಿ ಪ್ರಾಧಿಕಾರವೆಂಬ ಇನ್ನೊಂದು ಕಚೇರಿಯುಂಟು. ಎಲ್ಲಿ ಬಡಾವಣೆ, ಎಲ್ಲಿ ರಸ್ತೆ, ಎಲ್ಲಿ ಕಾರ್ಖಾನೆ ಎಂದು ನಕ್ಷೆ ಬರೆಯುವುದು ಅದರ ಕೆಲಸ. ಹೀಗೆ ಗುತ್ತೂರಿನಂತಹ ಊರಿನ ಗೃಹಸ್ಥನು ಮಗನಿಗೆಂದು ಎರಡು ಕೋಣೆ ಏರಿಸಬೇಕಾದರೆ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೇ, ‘ನಾನು ಯಾರ ಪ್ರಜೆ?’ ಎಂಬುದು. ಜಮೀನು ಬೇಸಾಯದ್ದಾದರೆ ಭೂಪರಿವರ್ತನೆಗೆ ಕಂದಾಯ ಇಲಾಖೆ, ನಕ್ಷೆಗೆ ಪ್ರಾಧಿಕಾರ, ಖಾತೆಗೆ ಹಳ್ಳಿಯಾದರೆ ಪಂಚಾಯತಿಯ ಇ-ಸ್ವತ್ತು, ಪಟ್ಟಣವಾದರೆ ನಗರಸಭೆಯ ಇ-ಖಾತೆ.

ಹಳ್ಳಿಯಾಗಿಯೇ ಇರಬೇಕೋ ಪಟ್ಟಣವಾಗಬೇಕೋ ಎಂಬುದು ಇಂತಹ ಊರುಗಳ ಕಟ್ಟೆಯ ಮೇಲೆ ಮುಗಿಯದ ಚರ್ಚೆ. ಪಟ್ಟಣವಾದರೆ ಬೀದಿದೀಪ, ಒಳಚರಂಡಿ, ನಲ್ಲಿಯ ನೀರು ಬಂದಾವೆಂದು ಹೆಂಗಸರಿಗೆ ಆಸೆ. ಕೊಡ ಹೊರುವವರು ಅವರೇ ಅಲ್ಲವೆ? ತೆರಿಗೆ ಏರುವುದೆಂದು ಗಂಡಸರಿಗೆ ಅಂಜಿಕೆ. ೨೦೦೫ರ ಉದ್ಯೋಗ ಖಾತರಿ ಕಾಯಿದೆಯನ್ನು ಗ್ರಾಮಗಳಿಗೆ ಮಾತ್ರ ಸಲ್ಲುವಂತೆ ಮಾಡಿದ್ದರು. ಊರು ಪಟ್ಟಣಕ್ಕೆ ಸೇರಿದ ದಿನವೇ ಹೊಲವಿಲ್ಲದ ಕೂಲಿಯವನಿಗೆ ಅದರ ಬಾಗಿಲು ಮುಚ್ಚುತ್ತಿದ್ದಿತು. ನಿವೇಶನ ಮಾರುವವನಿಗೆ ಸುಗ್ಗಿ, ಗೇಣಿಗೆ ಹೊಲ ಮಾಡುವವನಿಗೆ ಚಿಂತೆ. ಇನ್ನೊಂದು ನಷ್ಟ ಬೇಗನೆ ಕಣ್ಣಿಗೆ ಬೀಳುವುದಿಲ್ಲ. ನಮಗೆ ಅದೇ ದೊಡ್ಡದಾಗಿ ತೋರಿತು. ಹಳ್ಳಿಯಲ್ಲಿ ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಸೇರಬೇಕೆಂದು ಕಾನೂನಿದೆ. ಮತದಾರನಾದ ಯಾವನೇ ಆಗಲಿ, ಯಾವಳೇ ಆಗಲಿ, ಎದ್ದು ನಿಂತು ಈ ಚರಂಡಿಯ ಹಣ ಎಲ್ಲಿ ಹೋಯಿತೆಂದು ಕೇಳಬಹುದು. ನಗರಸಭೆಯ ಕೂಟದಲ್ಲಿ ಕೇಳುವ ಅಧಿಕಾರವಿರುವುದು ಸದಸ್ಯರಿಗೆ. ಉಳಿದವರು ಬಾಗಿಲ ಹೊರಗೆ. ಗ್ರಾಮಸಭೆಗಳು ಎಷ್ಟೋ ಕಡೆ ಹೆಸರಿಗೆ ಮಾತ್ರ ನಡೆಯುತ್ತವೆಂಬುದನ್ನು ನಾವೂ ಬಲ್ಲೆವು. ಆದರೂ ಇರುವ ಹಕ್ಕನ್ನು ಉಪಯೋಗಿಸದಿರುವುದು ಬೇರೆ, ಹಕ್ಕೇ ಇಲ್ಲದಿರುವುದು ಬೇರೆ.

ಗುತ್ತೂರಿನ ಹೆಸರಿಗೆ ಸಂಬಂಧಿಸಿದ ಒಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆವು. ಇಲ್ಲಿ ೪೦೦ ಕಿಲೋವೋಲ್ಟಿನ ವಿದ್ಯುತ್ ಸ್ವೀಕರಣಾ ಕೇಂದ್ರವಿದೆ. ಕೈಗಾದ ಅಣುಸ್ಥಾವರದಲ್ಲಿ ಹುಟ್ಟಿದ ವಿದ್ಯುತ್ತು ಘಟ್ಟ ಹತ್ತಿ ಇಲ್ಲಿಗೆ ಬರುತ್ತದೆ. ದಕ್ಷಿಣ ದೇಶದ ವಿದ್ಯುಜ್ಜಾಲದ ನಕ್ಷೆಗಳಲ್ಲಿ ಗುತ್ತೂರೆಂಬ ಹೆಸರು ದಪ್ಪಕ್ಷರಗಳಲ್ಲಿ ಇರುವುದು. ಎಂದೂ ಈ ಊರನ್ನು ಕಾಣದ ಇಂಜಿನಿಯರರು ದಿನವೂ ಇದರ ಹೆಸರನ್ನು ಹೇಳುತ್ತಾರೆ. ಜಿಲ್ಲೆಯೂ ತಾಲೂಕೂ ಯಾವುದಾದರೇನು, ಅವರಿಗೆ ಗುತ್ತೂರು ಗುತ್ತೂರೇ.

ನಾವು ಇದನ್ನು ಹೇಳಿದಾಗ ವೃದ್ಧರಿಗೆ ಬಹಳ ಸಂತೋಷವಾಯಿತು. “ಹೌದೇನ್ರಿ! ಅಷ್ಟು ದೊಡ್ಡ ಹೆಸರೈತಿ ಅಂತೀರಿ, ಬ್ಯಾಸಿಗಿ ಬಂದ್ರ ನಮ್ಮ ಮನ್ಯಾಗ ಲೈಟು ಹೋಗೋದು ತಪ್ಪಂಗಿಲ್ಲ ನೋಡ್ರಿ,” ಎಂದು ಹೇಳಿ ರಸೀದಿಗಳನ್ನು ಒಂದೊಂದಾಗಿ ಮಡಿಸಿದರು. ಒಳಗಿನಿಂದ ಅವರ ಸೊಸೆ ಚಹಾ ತಂದಿಟ್ಟು, “ಮಾವಾರ, ನಾಳಿ ದಾವಣಗೆರಿಗೆ ಹೋಗಬೇಕಂದಿದ್ರಲ್ಲ, ಆ ನಕ್ಷೆ ಕಾಗದ ಹೊರಗ ತೆಗೆದಿಡ್ರಿ, ಆಮ್ಯಾಲೆ ಗಂಟು ಕಟ್ಟೀರಂತೆ,” ಎಂದರು. ಅವರು ಕೆಂಪು ವಸ್ತ್ರವನ್ನು ಮತ್ತೆ ಬಿಚ್ಚಿ, ಮೇಲಿನಿಂದ ಮೂರನೆಯ ಕಾಗದವನ್ನು ಎಳೆದು, ಕನ್ನಡಕ ಹಾಕಿಕೊಂಡು ಅದರ ತಲೆಬರಹವನ್ನು ಓದತೊಡಗಿದರು.